ತುಂಬದಲ್ಲಿ ಸಿಕ್ಕ ಓಟ

ಪ್ರವಾಸ ಕಥನ ಬರೆಯಬೇಕಾದರೆ ಒಂದು ಸಮುದ್ರವನ್ನಾದರೂ ದಾಟಿರಬೇಕು ಎಂಬುದು ನನ್ನ ಹೆಂಡತಿ ಸುಧಾಳ ಅಭಿಪ್ರಾಯ. ನಾನು ದಾಟಿದ್ದು ಮುತ್ತಂಗದ ಕಾಡನ್ನು ಮಾತ್ರ. ಮೈಸೂರಿನಲ್ಲಿ ತಿಂಡಿ ತಿಂದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಕೇರಳದೊಳಗೆ ಇರುತ್ತೇವೆ, ಪಾಸ್‌ಪೋರ್ಟನ್ನು ಯಾರೂ ಕೇಳುವುದಿಲ್ಲ. ಆದರೆ ನನ್ನ ಲೆಕ್ಕವೇ ಬೇರೆ. ನಲವತ್ತೇಳು ವರ್ಷದ, ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಮನುಷ್ಯ ಬಸ್ಸಿನ ಬೋರ್ಡನ್ನು ಓದಲಾಗದೆ ಪಕ್ಕದವರ ಮುಖ ನೋಡುವಂಥ ಊರು ಯಾವುದಿದ್ದರೂ ಅದು ಪರದೇಶವೇ.

ಆ ವರ್ಷ ಡಿಸೆಂಬರಿನಲ್ಲಿ ನನ್ನ ಒಂಬತ್ತು ದಿನದ ರಜೆ ಉಳಿದಿತ್ತು. ಬಳಸದಿದ್ದರೆ ಕೈಬಿಟ್ಟು ಹೋಗುತ್ತಿತ್ತು. ಸುಧಾಗೆ ಶಾಲೆಯಲ್ಲಿ ಪರೀಕ್ಷೆ. "ನೀವೊಬ್ಬರೇ ಹೋಗಿ ಬನ್ನಿ. ಕೊಚ್ಚಿಯಲ್ಲಿ ನಿಮ್ಮ ಮೂರ್ತಿ ಇದ್ದಾರೆ, ತಿರುವನಂತಪುರದಲ್ಲಿ ನಮ್ಮಕ್ಕ ಇದ್ದಾಳೆ. ಮೂರ್ತಿ ಜೊತೆ ಬೆಳಗ್ಗೆ ಓಡಬಹುದು" ಎಂದಳು. ಕೊನೆಯ ಮಾತನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನೋಡದೆ ಇದ್ದದ್ದು ಅವಳ ದೊಡ್ಡತನ.

ಯಾಕೆಂದರೆ ನಾನು ಓಡುವುದನ್ನು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಅದು ಮೂರ್ತಿಗೆ ಗೊತ್ತಿರಲಿಲ್ಲ.

ಮೂರ್ತಿ ಮತ್ತು ನಾನು ಹತ್ತು ವರ್ಷ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ಓಡಿದವರು. ಪದಕಕ್ಕಲ್ಲ, ಪೊಲೀಸ್ ಆಯ್ಕೆಗೂ ಅಲ್ಲ, ಸುಮ್ಮನೆ. ದಿನಕ್ಕೆ ಒಂದು ಸುತ್ತು, ಆಮೇಲೆ ಕಲ್ಲು ಬೆಂಚಿನ ಮೇಲೆ ಕೂತು ಏದುಸಿರು ಬಿಡುವುದು. ಅವನಿಗೆ ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾಯಿತು. ಮೊದಲ ವಾರ ಒಬ್ಬನೇ ಓಡಿದೆ. ಎರಡನೇ ವಾರ ಮಳೆ. ಮೂರನೇ ವಾರ ಮಳೆ ಇರಲಿಲ್ಲ, ಆದರೂ ಕೊಡೆ ಹಿಡಿದು ಹಾಲು ತರಲು ಮಾತ್ರ ಹೋದೆ. ಅಲ್ಲಿಗೆ ಮುಗಿಯಿತು.

ಮೂರ್ತಿ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಹಲೋ ಎನ್ನುವ ಮೊದಲೇ ಕೇಳುತ್ತಿದ್ದ, "ಎಷ್ಟು ಸುತ್ತು?" ಮೊದಲ ಸಲ ನಾಲಿಗೆ ತಾನಾಗಿಯೇ "ಒಂದು" ಎಂದಿತು. ಅವನು ತಾನು ನಾಲ್ಕು ಕಿಲೋಮೀಟರ್ ಓಡುತ್ತಿದ್ದೇನೆ ಎಂದ. ಮುಂದಿನ ತಿಂಗಳು ನಾನು ಎರಡು ಸುತ್ತಿಗೆ ಏರಿದೆ. ಅವನು ಆರು ಕಿಲೋಮೀಟರಿಗೆ ಏರಿದ. ಜೊತೆಯಲ್ಲಿದ್ದಾಗ ಒಂದು ಸುತ್ತಿಗೇ ನಾಲಿಗೆ ಹೊರಗೆ ಹಾಕುತ್ತಿದ್ದ ನಾನು ಈಗ ಕುರ್ಚಿಯಲ್ಲಿ ಕೂತು, ಬನಿಯನ್ನಿನಲ್ಲಿ, ಕಾಫಿ ಕುಡಿಯುತ್ತ ಎರಡು ಸುತ್ತು ಓಡುತ್ತಿದ್ದೆ.

ಸುಳ್ಳು ಹೇಳಿದ್ದಕ್ಕೆ ನಾಚಿಕೆ ಇತ್ತು. ಅದಕ್ಕಿಂತ ದೊಡ್ಡ ದುಃಖ ಇನ್ನೊಂದಿತ್ತು. ಓಡಬೇಕು ಎಂದೇ ಅನ್ನಿಸುತ್ತಿರಲಿಲ್ಲ. ಹತ್ತು ವರ್ಷ ಮೈಯಲ್ಲಿದ್ದ ಒಂದು ಆಸೆ ಹೇಳದೆ ಕೇಳದೆ ಎದ್ದು ಹೋಗಿತ್ತು, ಮತ್ತೆ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಒಳಗೆ ಕೂತಿತ್ತು. ನಾನು ಓಡಿದ್ದು ಮೂರ್ತಿಗಾಗಿಯೇ ಆಗಿದ್ದರೆ, ಅವನು ಹೋದಮೇಲೆ ನನ್ನದು ಅಂತ ಏನಿತ್ತು?

ಹೀಗೆ ಓಡುವ ಶೂಗಳನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಸುಧಾ ಅಕ್ಕನಿಗೆಂದು ಕೊಟ್ಟ ವೀಳ್ಯದೆಲೆಯ ಕಟ್ಟಿನ ಪಕ್ಕದಲ್ಲಿಟ್ಟುಕೊಂಡು ಹೊರಟೆ.

ಕಾಕ್ಕನಾಡ್, ಮೊದಲ ಬೆಳಿಗ್ಗೆ

ಮೂರ್ತಿಯ ಫ್ಲ್ಯಾಟು ಐದನೇ ಮಹಡಿಯಲ್ಲಿ. ಕೆಳಗೆ ನೋಡಿದರೆ ಒಂದು ಕಡೆ ಹೊಸ ಕಟ್ಟಡಗಳು, ಕಂಪನಿಗಳ ಕ್ಯಾಬುಗಳು; ಇನ್ನೊಂದು ಕಡೆ ಇನ್ನೂ ಯಾರೂ ಕೊಳ್ಳದೆ ಉಳಿದ ತೆಂಗಿನ ತೋಟದಲ್ಲಿ ಹಸುಗಳು. ಶನಿವಾರ ಹೋಗಿ ಇಳಿದೆ. ಅವನು ನನ್ನನ್ನು ತಬ್ಬಿಕೊಂಡ. ಹೊಟ್ಟೆಗೆ ಹೊಟ್ಟೆ ತಾಗಿತು. ಆರು ಕಿಲೋಮೀಟರ್ ಓಡುವವನ ಹೊಟ್ಟೆ ಹೀಗಿರುತ್ತದೆಯೇ ಎಂದು ಅನುಮಾನ ಬಂತು. ಎರಡು ಸುತ್ತಿನವನ ಹೊಟ್ಟೆ ನೋಡಿ ಅವನಿಗೂ ಬಂದಿರಬೇಕು.

"ನಾಳೆ ಬೆಳಗ್ಗೆ ಐದೂಮುಕ್ಕಾಲಿಗೆ ರೆಡಿ ಇರು ಕಣೋ" ಎಂದ ಮೂರ್ತಿ.

"ಅಷ್ಟು ತಡ ಯಾಕೆ? ನಾನು ಐದೂವರೆಗೇ ಹೊರಡೋದು" ಎಂದೆ. ಒಮ್ಮೆ ಹಿಡಿದ ದಾರಿಯಲ್ಲಿ ಹಿಂದೆ ಸರಿಯುವುದು ಕಷ್ಟ.

ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ಅವನು ಶೂ ಹಾಕಿಕೊಳ್ಳುತ್ತಿದ್ದ. ಕೊಚ್ಚಿಯ ಗಾಳಿಯಲ್ಲಿ ನೀರೇ ಹೆಚ್ಚು. ಅಲ್ಲಿ ಬಳಸದ ಚರ್ಮಕ್ಕೆ, ಬಟ್ಟೆಗೆ ಬೂಷ್ಟು ಬರಲು ಒಂದು ತಿಂಗಳು ಸಾಕು. ಅವನ ಶೂವಿನ ಮೇಲೆ ಹಸಿರು ಬೂಷ್ಟು ಮೆತ್ತಗೆ ಹರಡಿತ್ತು. ಅವನು ಅಂಗೈಯಿಂದ ಒರೆಸಿಕೊಂಡು ನನ್ನ ಕಡೆ ನೋಡಿದ. ನಾನು ಗಡಿಯಾರದ ಕಡೆ ನೋಡಿದೆ.

"ಮೊದಲು ಸ್ವಲ್ಪ ನಡೆಯೋಣ. ಮೈ ಬಿಸಿ ಆಗ್ಲಿ" ಎಂದ.

"ಹೌದು, ತಣ್ಣನೆ ಮೈಯಲ್ಲಿ ಓಡಬಾರದು" ಎಂದೆ.

ಹದಿನೈದು ನಿಮಿಷ ಮೈ ಬಿಸಿ ಮಾಡಿದೆವು. ಕಲೆಕ್ಟರೇಟಿನ ಗೇಟು ದಾಟಿತು, ಒಂದು ಚರ್ಚು ದಾಟಿತು, ಅವನು ಶುರು ಮಾಡಲಿ ಎಂದು ನಾನು, ನಾನು ಶುರು ಮಾಡಲಿ ಎಂದು ಅವನು. ಕೊನೆಗೆ ಮರ್ಯಾದೆ ತಡೆಯದೆ ನಾನೇ ಓಡತೊಡಗಿದೆ. ಇಪ್ಪತ್ತು ಹೆಜ್ಜೆ ಹಾಕಿರಬೇಕು. ಬಲಗಾಲಿನ ಕೆಳಗೆ ಏನೋ ಪಟಪಟ ಬಡಿಯಿತು. ನೋಡಿದರೆ ಶೂವಿನ ಅಡಿಭಾಗ ಮುಂದಿನಿಂದ ಪೂರ್ತಿ ಬಿಟ್ಟುಕೊಂಡು ಬಾಯಿ ತೆರೆದಿತ್ತು. ವರ್ಷಗಟ್ಟಲೆ ಹಾಕದ ಶೂವಿನ ಅಂಟು ಒಣಗಿ ಪುಡಿಯಾಗಿರುತ್ತದೆ. ದಿನಾ ಹಾಕುವ ಶೂ ಸವೆಯುತ್ತದೆ, ಹೀಗೆ ಬಾಯಿ ಬಿಡುವುದಿಲ್ಲ. ಶೂ ನನ್ನ ಗುಟ್ಟನ್ನು ನಡುರಸ್ತೆಯಲ್ಲಿ ಹೇಳಿಬಿಟ್ಟಿತ್ತು.

ಮೂರ್ತಿ ಬಾಗಿ ನೋಡಿದ. ಅವನ ಮುಖದಲ್ಲಿ ಮೊದಲು ಕಂಡದ್ದು ನೆಮ್ಮದಿ. "ಅಯ್ಯೋ ಪಾಪ. ಇನ್ನೇನು ಓಡೋದು? ಬಾ, ಚಹಾ ಕುಡಿಯೋಣ" ಎಂದು ಹೆಗಲ ಮೇಲೆ ಕೈ ಹಾಕಿದ.

ರಸ್ತೆ ಬದಿಯ ತಟ್ಟುಕಡೆಯಲ್ಲಿ, ಅಂದರೆ ನಾಲ್ಕು ಕಂಬದ ಮೇಲೆ ಟಾರ್ಪಾಲು ಕಟ್ಟಿದ ತಿಂಡಿ ಅಂಗಡಿಯಲ್ಲಿ, ಕೂತೆವು. ನಾವು ಏನೂ ಹೇಳುವ ಮೊದಲೇ ಅಂಗಡಿಯವನು ಮೂರ್ತಿಯ ಮುಂದೆ ಸಕ್ಕರೆ ಇಲ್ಲದ ಚಹಾ ಇಟ್ಟ, ಇಂಗ್ಲಿಷ್ ಪೇಪರ್ ಇಟ್ಟ, ಅವನ ಕನ್ನಡಕ ಬೆಂಚಿನ ಮೂಲೆಯಲ್ಲಿ ಮರೆತುಹೋಗಿತ್ತೆಂದು ಅದನ್ನೂ ತಂದಿಟ್ಟ. ದಿನಾ ಬೆಳಿಗ್ಗೆ ಈ ಹೊತ್ತಿಗೆ ಮೂರ್ತಿ ಎಲ್ಲಿರುತ್ತಾನೆ ಎಂದು ತಿಳಿಯಲು ಇನ್ನೇನು ಬೇಕು? ನಾನು ಪಳಂಪೊರಿ ತಿಂದೆ. ಬಾಳೆಹಣ್ಣನ್ನು ಸೀಳಿ ಹಿಟ್ಟಿನಲ್ಲಿ ಅದ್ದಿ ಕರಿದ ಆ ತಿಂಡಿಯನ್ನು ಬೆಳಿಗ್ಗೆ ಆರೂವರೆಗೆ ತಿನ್ನುವವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಎರಡು ತಿಂದೆ.

ಮನೆಗೆ ಬಂದಾಗ ಮೂರ್ತಿಯ ಹೆಂಡತಿ ಗಾಯತ್ರಿ ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಪುಟ್ಟು ಬಡಿಸುತ್ತ ಕೇಳಿದರು, "ಎಷ್ಟು ದೂರ ಓಡಿದ್ರಿ?"

"ವೆಂಕಟೇಶನ ಶೂ ಕಿತ್ತುಹೋಯ್ತು. ಇಲ್ಲದಿದ್ರೆ ಆರು ಕಿಲೋಮೀಟರ್ ಗ್ಯಾರಂಟಿ" ಎಂದ ಮೂರ್ತಿ.

ಅವರ ಮಗಳು ಅನು, ಹತ್ತು ವರ್ಷದವಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅವಳು ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, "ಅಪ್ಪ ಒರು ದಿವಸಂ ಪೋಲುಂ ಓಡಿಯಿಟ್ಟಿಲ್ಲ."

ಗಾಯತ್ರಿ ಕೆಮ್ಮಿದರು. ಮೂರ್ತಿ ನೀರು ಕುಡಿದ. ಈ ಮೈಸೂರಿನ ಅಂಕಲ್‌ಗೆ ಮಲಯಾಳ ಎಲ್ಲಿ ಬರಬೇಕು ಎಂಬುದು ಹುಡುಗಿಯ ಧೈರ್ಯ. ಆದರೆ ಒಂದು ದಿವಸ, ಓಡು, ಇಲ್ಲ, ಇಷ್ಟು ತಿಳಿಯಲು ಕನ್ನಡದವನಿಗೆ ನಿಘಂಟು ಬೇಕೇ? ನಾನು ಏನೂ ತಿಳಿಯದವನಂತೆ "ಪುಟ್ಟು ಬಹಳ ಚೆನ್ನಾಗಿದೆ" ಎಂದೆ. ಗೆಳೆಯನ ಸುಳ್ಳು ಸಿಕ್ಕಿಬಿದ್ದಿತ್ತು. ಹಿಡಿಯಬೇಕಾದವನ ಕೈ ಶುದ್ಧವಿರಲಿಲ್ಲ.

ರೈಲು ಮತ್ತು ಚಾಲೈ

ಸೋಮವಾರ ತಿರುವನಂತಪುರದ ರೈಲು ಹತ್ತಿದೆ. ಒಂದು ಮಾತು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಶನಿವಾರ ಮತ್ತೆ ಕೊಚ್ಚಿಗೆ ಬರುವವನಿದ್ದೆ. ಅಷ್ಟರೊಳಗೆ ಒಂದು ಸಲವಾದರೂ ನಿಜವಾಗಿ ಓಡಿಬಿಟ್ಟರೆ, ಒಪ್ಪಿಕೊಳ್ಳುವಾಗ ಸುಳ್ಳು ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಆರೋಗ್ಯಕ್ಕಾಗಿ ಓಡುವವರಿದ್ದಾರೆ, ಬಹುಮಾನಕ್ಕಾಗಿ ಓಡುವವರಿದ್ದಾರೆ. ಹಳೆಯ ಸುಳ್ಳನ್ನು ರಿಪೇರಿ ಮಾಡಲು ಓಡಲು ಹೊರಟವನು ನಾನೊಬ್ಬನೇ ಇರಬೇಕು.

ಆ ರೈಲಿನಲ್ಲಿ ಕಂಡ ಒಂದು ಪದ್ಧತಿಯನ್ನು ಹೇಳಲೇಬೇಕು. ಎದುರಿನ ಒಬ್ಬರು ಪೇಪರ್ ಬಿಡಿಸಿದರು, ಬಿಡಿಸಿ ಹಾಳೆ ಹಾಳೆ ಬೇರೆ ಮಾಡಿ ನಮ್ಮ ಎಂಟು ಜನಕ್ಕೂ ಹಂಚಿದರು, ಊಟಕ್ಕೆ ಎಲೆ ಹಾಕುವವರಂತೆ. ನನಗೂ ಒಂದು ಹಾಳೆ ಬಂತು. ಬರುವುದಿಲ್ಲ ಎನ್ನಲು ಸಂಕೋಚ. ನಾನು ಅರ್ಧ ಗಂಟೆ ಆ ಮಲಯಾಳ ಹಾಳೆಯನ್ನು ಗಂಭೀರವಾಗಿ ನೋಡಿದೆ. ಎಲ್ಲರೂ ಬದಲಾಯಿಸಿಕೊಂಡಾಗ ನಾನೂ ಬದಲಾಯಿಸಿಕೊಂಡೆ. ಕೊಲ್ಲಂ ಬರುವ ಹೊತ್ತಿಗೆ ಇಡೀ ಪೇಪರ್ ಮುಗಿಸಿದ್ದೆ. ನಮ್ಮ ಕಡೆ ಪಕ್ಕದವನು ಓದುತ್ತಿದ್ದಾನೆಂದರೆ ಪೇಪರನ್ನು ಆಚೆ ತಿರುಗಿಸುವವರನ್ನು ಕಂಡಿದ್ದೇನೆ. ಇಲ್ಲಿ ಓದದಿದ್ದರೇ ಬೇಜಾರು.

ಸ್ಟೇಷನ್ನಿಗೆ ಭಾವ ಬಂದಿದ್ದರು. ಸುಧಾಳ ಅಕ್ಕನ ಗಂಡ ಶಂಕರನಾರಾಯಣ ಭಟ್ಟರು ಕಾಸರಗೋಡಿನವರು. ಸೆಕ್ರೆಟರಿಯೇಟಿನಲ್ಲಿ ಕಾನೂನುಗಳನ್ನು ಕನ್ನಡಕ್ಕೆ ಅನುವಾದ ಮಾಡುವ ಕೆಲಸ. ಇಪ್ಪತ್ತಾರು ವರ್ಷ ಇಲ್ಲಿದ್ದರೂ ಅವರ ಮಾತು ಕಾಸರಗೋಡಿನ ಬಸ್ಟ್ಯಾಂಡು ಬಿಟ್ಟು ಬಂದಿಲ್ಲ.

ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆಗೇ ಚಾಲೈ ಪೇಟೆ. ಅತ್ತಿಗೆ, ಅಂದರೆ ಸುಧಾಳ ಅಕ್ಕ, ಬೂದುಗುಂಬಳ, ಹಸಿಮೆಣಸು ತರಲು ಹೇಳಿದ್ದರಂತೆ. ನಾನು ಶೂ ಬೇಕೆಂದೆ.

"ಎಂತಕ್ಕೆ?"

"ಓಡೋಕೆ, ಭಾವ."

ಭಾವ ಜನರ ನಡುವೆ ನಿಂತುಬಿಟ್ಟರು. ಹಿಂದಿನಿಂದ ಬಂದ ಈರುಳ್ಳಿ ಮೂಟೆಯವನು ಬೈದುಕೊಂಡು ಸುತ್ತಿಹೋದ. "ಓಡ್ಲಿಕ್ಕಾ? ಯಾರು ಅಟ್ಟಿಸಿಕೊಂಡು ಬರ್ತಾರೆ ನಿಮ್ಮನ್ನು? ನಾನು ಕೊನೆಗೆ ಓಡಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಅದು ಕೂಡ ನಾಯಿ ಇತ್ತು ಹಿಂದೆ."

ಚಾಲೈಯಲ್ಲಿ ಆನೆಗೆ ಕಟ್ಟುವ ಸರಪಣಿಯಿಂದ ಹಿಡಿದು ಮಗುವಿನ ಕಾಲುಗೆಜ್ಜೆಯವರೆಗೆ ಎಲ್ಲ ಇತ್ತು, ನನ್ನ ಅಳತೆಯ ಓಡುವ ಶೂ ಮಾತ್ರ ಇರಲಿಲ್ಲ. ಅಂಗಡಿಯವರು ಕೊನೆಗೆ ಶಾಲೆ ಮಕ್ಕಳು ಡ್ರಿಲ್ಲಿಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂಗಳಲ್ಲೇ ದೊಡ್ಡದೊಂದನ್ನು ಹುಡುಕಿ ಕೊಟ್ಟರು. ಹಾಕಿಕೊಂಡು ನಿಂತೆ. "ಇನ್ನು ಒಂದು ಟೈ ಕಟ್ಟಿದ್ರೆ ಪ್ರಾರ್ಥನೆಗೆ ನಿಲ್ಲಿಸಬಹುದು" ಎಂದರು ಭಾವ.

ತುಂಬ, ಮಂಗಳವಾರ

ಭಾವನ ಮನೆ ಪಟ್ಟಣದಿಂದ ದೂರ, ತುಂಬ ಎಂಬ ಊರಿನ ಹತ್ತಿರ, ಕಡಲಿನಿಂದ ಒಂದು ಮೈಲಿ ಒಳಗೆ. ಒಂದು ಕಡೆ ರಾಕೆಟ್ ಕೇಂದ್ರದ ಉದ್ದನೆಯ ಬೇಲಿ, ಅಲ್ಲಿಗೆ ಹೋಗುವ ಉದ್ಯೋಗಿಗಳ ಬಸ್ಸುಗಳು. ಇನ್ನೊಂದು ಕಡೆ ಮೀನುಗಾರರ ಮನೆಗಳು, ಕ್ರಿಸ್ಮಸ್ ಹತ್ತಿರವಾಗಿದ್ದರಿಂದ ಪ್ರತಿ ಜಗಲಿಯಲ್ಲೂ ಕಾಗದದ ನಕ್ಷತ್ರ.

ಆರು ಗಂಟೆಗೆ ಎದ್ದೆ. ಅಲಾರಂ ಹೊಡೆದಾಗ ಎಂದಿನಂತೆ ಹೊದಿಕೆ ಎಳೆದುಕೊಳ್ಳೋಣ ಎನ್ನಿಸಿತು. ಶನಿವಾರ ಮೂರ್ತಿಯ ಮುಂದೆ ಒಪ್ಪಿಕೊಳ್ಳಬೇಕಾದದ್ದು ನೆನಪಾಗಿ ಎದ್ದೆ. ಬಿಳಿ ಶೂ, ಪ್ಯಾಂಟು, ಹಳೆಯ ಶರ್ಟು. ರಸ್ತೆಗೆ ಇಳಿದು ಓಡತೊಡಗಿದೆ. ಕಾಲು ಮರದ ಕೊರಡಾಗಿತ್ತು, ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಸಂತೋಷ ಎಂಬುದು ಎಲ್ಲೂ ಇರಲಿಲ್ಲ. ಎದುರಿಗೆ ಬಂದ ಇಬ್ಬರು ಹೆಂಗಸರು "ಎಂದಾ ಪಟ್ಟಿಯೇ?" ಎಂದು ಗಾಬರಿಯಿಂದ ಕೇಳಿದರು. ಏನಾಯಿತು ಎಂದು. ನಾನು ಕೈ ಬೀಸಿ ಮುಂದೆ ಹೋದೆ.

ಎರಡು ನಿಮಿಷದಲ್ಲಿ ಹಿಂದಿನಿಂದ ಒಂದು ಸ್ಕೂಟರ್ ಬಂದು ಪಕ್ಕದಲ್ಲಿ ನಿಂತಿತು. ಮುಂಡು ಮಡಚಿ ಕಟ್ಟಿದ ಐವತ್ತರ ಮನುಷ್ಯ. "ಕೇರಿಕ್ಕೋ, ಕೇರಿಕ್ಕೋ" ಎಂದು ಹಿಂದಿನ ಸೀಟು ತಟ್ಟಿದ. ಹತ್ತಿಕೋ ಎನ್ನುತ್ತಿದ್ದಾನೆಂದು ತಿಳಿಯಿತು, ಬೇಡವೆಂದೆ. ಅವನು ಕೇಳಲಿಲ್ಲ. ನನ್ನ ತೋಳು ಹಿಡಿದು ಕೂರಿಸಿಯೇಬಿಟ್ಟ. ಆ ಊರಿನಲ್ಲಿ ಪ್ಯಾಂಟು ಹಾಕಿದ ಮಧ್ಯವಯಸ್ಕ ಬೆಳ್ಳಂಬೆಳಿಗ್ಗೆ ಓಡುತ್ತಿದ್ದಾನೆಂದರೆ ಎರಡೇ ಕಾರಣ, ಆಸ್ಪತ್ರೆ ಅಥವಾ ರೈಲು. ಮುಖದಲ್ಲಿ ಅಳು ಇಲ್ಲದ್ದರಿಂದ ರೈಲೇ ಎಂದು ಅವನು ತೀರ್ಮಾನಿಸಿದ್ದ. ಕಳಕ್ಕೂಟ್ಟಂ ಸ್ಟೇಷನ್ನಿನ ಮುಂದೆ ಇಳಿಸಿ, ಪ್ಲಾಟ್‌ಫಾರ್ಮ್ ತೋರಿಸಿ, ನಾನು ಒಳಗೆ ಹೋಗುವ ತನಕ ಕಾದ. ಆ ಉಪಕಾರಿಯ ಮನಸ್ಸು ನೋಯಿಸಲಾರದೆ ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಕೊಲ್ಲಂ ಕಡೆಯ ರೈಲೊಂದು ಬಂದು ಹೋಯಿತು. ಆಮೇಲೆ ಬಸ್ಸು ಹಿಡಿದು ಮನೆಗೆ ಬಂದೆ.

ಅತ್ತಿಗೆ ದೋಸೆ ಹಾಕುತ್ತ ನಕ್ಕೂ ನಕ್ಕೂ ಸುಸ್ತಾದರು. "ಅದು ನಮ್ಮ ಸುಕುಮಾರನ್ ಇರಬೇಕು. ಮೂಲೆ ಮೇಲೆ ಅಂಗಡಿ ಇಟ್ಟಿದಾನಲ್ಲ, ಅವ್ನೇ. ಸದ್ಯ, ರೈಲು ಹತ್ತಿಸಲಿಲ್ಲ."

"ನಾಳೆ ಕಡಲಿನ ಬದಿಗೆ ಹೋಗಿ. ಅಲ್ಲಿ ಸ್ಕೂಟರ್ ಬರ್ಲಿಕ್ಕಿಲ್ಲ" ಎಂದರು ಭಾವ.

ತುಂಬ, ಬುಧವಾರ

ಕಡಲ ದಂಡೆ ಖಾಲಿ ಇತ್ತು. ಮರಳಿನಲ್ಲಿ ಕ್ಯಾನ್ವಾಸ್ ಶೂ ಹೂತುಹೋಗುತ್ತಿತ್ತು. ಮರಳಿನ ಮೇಲೆ ಎಳೆದಿಟ್ಟಿದ್ದ ಒಂದು ದೋಣಿಯ ಪಕ್ಕ ಅದನ್ನು ಬಿಚ್ಚಿಟ್ಟು, ಕೈಗಡಿಯಾರವನ್ನೂ ಅದರೊಳಗೆ ತುರುಕಿ, ನೀರಿನ ಅಂಚಿನ ಗಟ್ಟಿ ಮರಳಿನ ಮೇಲೆ ಬರಿಗಾಲಿನಲ್ಲಿ ಹೊರಟೆ. ಹದಿನೈದು ನಿಮಿಷ ಓಡಿ ಹಿಂತಿರುಗುವುದೆಂದು ಲೆಕ್ಕ ಹಾಕಿದ್ದೆ, ಗಡಿಯಾರವಿಲ್ಲದೆ ಆ ಲೆಕ್ಕ ಸಿಗುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ದೂರದಲ್ಲಿ ಇಪ್ಪತ್ತು, ಇಪ್ಪತ್ತೈದು ಜನ ಸಾಲಾಗಿ ನಿಂತಿದ್ದರು. ನಾನು ಓಡಿಬರುವುದನ್ನು ನೋಡಿ ಒಬ್ಬ ಹೆಗಲ ಮೇಲಿನ ತೋರ್ತು, ಅಂದರೆ ತೆಳು ಟವೆಲ್ಲು, ತೆಗೆದು ಬೀಸಿದ. ಇನ್ನಿಬ್ಬರು ಕೂಗಿದರು. ನನಗೆ ಖುಷಿಯಾಯಿತು. ಜೀವಮಾನದಲ್ಲಿ ನನ್ನ ಓಟಕ್ಕೆ ಯಾರೂ ಹುರಿದುಂಬಿಸಿದ್ದಿಲ್ಲ. ಎದೆ ಉಬ್ಬಿಸಿ ವೇಗ ಹೆಚ್ಚಿಸಿದೆ. ಅವರು ಇನ್ನೂ ಜೋರಾಗಿ ಕೂಗಿದರು. ನಾನು ಇನ್ನೂ ಜೋರಾಗಿ ಓಡಿದೆ. ಹತ್ತಿರ ಹೋಗುತ್ತಲೇ ಒಬ್ಬ ಮುದುಕ ನನ್ನ ಎರಡೂ ಕೈಗೆ ಒದ್ದೆಯಾದ ದಪ್ಪ ಹಗ್ಗವನ್ನು ಕೊಟ್ಟು ತಾನು ಮುಂದೆ ಹೋದ.

ಅದು ಕಂಬವಲೆ. ಮುಂಜಾನೆ ದೋಣಿಯಲ್ಲಿ ಬಲೆಯನ್ನು ದೂರ ಒಯ್ದು ಕಡಲಿಗೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತರುತ್ತಾರೆ. ಎರಡೂ ಕಡೆ ಜನ ನಿಂತು ಎಳೆಯುತ್ತ ಬರಬೇಕು. ಕೈ ಸಾಲದಾಗ ತೋರ್ತು ಬೀಸಿ ಕರೆಯುವುದು ಅಲ್ಲಿಯ ರೂಢಿ. ಕರೆದದ್ದು ಕಂಡು ಯಾರು ಓಡಿಬರುತ್ತಾರೋ ಅವರೆಲ್ಲ ಎಳೆಯಲು ಬಂದವರೇ. ನಾನಂತೂ ಕರೆದಷ್ಟೂ ಜೋರಾಗಿ ಓಡಿಬಂದಿದ್ದೆ.

ಹಗ್ಗ ಹಿಡಿದು ಹಿಮ್ಮುಖವಾಗಿ ಹೆಜ್ಜೆ ಹಾಕಬೇಕು. ಒಬ್ಬ ಕೂಗುತ್ತಾನೆ, ಉಳಿದವರು ಓಗೊಡುತ್ತಾರೆ, ಓಗೊಡುವಾಗ ಎಳೆತ. ದಡದ ಮೇಲಿನ ತುದಿಗೆ ತಲುಪಿದವನು ಹಗ್ಗ ಬಿಟ್ಟು, ಮತ್ತೆ ನೀರಿನ ಅಂಚಿಗೆ ಓಡಿಹೋಗಿ, ಹೊಸದಾಗಿ ಹೊರಬರುತ್ತಿರುವ ಹಗ್ಗವನ್ನು ಹಿಡಿಯಬೇಕು. ಸಾಲು ಎಲ್ಲೂ ನಿಲ್ಲಬಾರದು. ನಾನು ತುದಿ ತಲುಪಿದಾಗ ಸುಮ್ಮನೆ ನಿಂತೆ. ಹಿಂದೆ ಹಗ್ಗ ಸುತ್ತುತ್ತಿದ್ದ ಗುಂಗುರು ಕೂದಲಿನವನು ಕೂಗಿದ, "ಓಡು ಸಾರ್, ಓಡು. ಮುಂದೆ ಹೋಗ್ಬೇಕು."

ಕನ್ನಡ. ನಾನು ಬೆರಗಾಗಿ ನೋಡಿದೆ.

"ನಾನು ಮಂಗಳೂರು ಬಂದರಲ್ಲಿ ಆರು ವರ್ಷ ಬೋಟಲ್ಲಿ ಇದ್ದೆ. ಹಗ್ಗ ಎಳೆಯುವಾಗ ನಿಮ್ಮ ಬಾಯಲ್ಲಿ 'ಅಯ್ಯೋ ದೇವ್ರೇ' ಬಂತಲ್ಲ, ಗೊತ್ತಾಯ್ತು" ಎಂದ. ಅವನ ಹೆಸರು ಅಂತೋಣಿ. "ಮಾತು ಆಮೇಲೆ. ಓಡು."

ಓಡಿದೆ. ಹಿಡಿದೆ, ಹಿಂದೆ ನಡೆದೆ, ಬಿಟ್ಟೆ, ಮತ್ತೆ ಓಡಿದೆ. ನನ್ನ ಕೈಗೆ ಹಗ್ಗ ಕೊಟ್ಟ ಮುದುಕ, ಹೆಸರು ಸಿಲ್ವೆಸ್ಟರ್, ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಪ್ರತಿ ಸಲವೂ ನನ್ನನ್ನು ಹಿಂದೆ ಹಾಕಿ ನೀರಿಗೆ ಮೊದಲು ತಲುಪಿ ಹಲ್ಲಿಲ್ಲದ ನಗೆ ನಗುತ್ತಿದ್ದ. ನಾಲ್ಕನೆಯದೋ ಐದನೆಯದೋ ಸಲ ಅವನನ್ನು ಸೋಲಿಸಲು ನೋಡಿದೆ. ಅಲೆ ಕಾಲಿಗೆ ಬಡಿದು ಬಿದ್ದೆ. ಎಲ್ಲರೂ ನಕ್ಕರು, ಹಗ್ಗ ಮಾತ್ರ ನಿಲ್ಲಲಿಲ್ಲ. ಬಲೆ ಹತ್ತಿರವಾದಂತೆ ಕೂಗು ಜೋರಾಯಿತು. ಆಗ ನಿಧಾನಿಸಿದರೆ ಮೀನು ಕೆಳಗಿನಿಂದ ನುಸುಳಿ ಹೋಗುತ್ತದಂತೆ. ಎಲ್ಲರೂ ಓಡಿದರು, ನಾನೂ ಓಡಿದೆ. ಕೊನೆಗೆ ಬಲೆಯ ಹೊಟ್ಟೆ ಮರಳಿನ ಮೇಲೆ ಬಂದು ಬಿದ್ದಾಗ ಒಳಗೆಲ್ಲ ಬೆಳ್ಳಗೆ ಮಿಣುಗುವ ಸಣ್ಣ ಮೀನು, ಜೊತೆಗೆ ಯಾರದೋ ಒಂದು ಹವಾಯಿ ಚಪ್ಪಲಿ.

ಬಿಸಿಲು ಆಗಲೇ ಚುರುಕಾಗಿತ್ತು. "ಎಷ್ಟು ಹೊತ್ತಾಯ್ತು ಅಂತೋಣಿ?" ಎಂದೆ. ಅವನು ಸೂರ್ಯನ ಕಡೆ ನೋಡಿ, "ಒಂದೂವರೆ ಗಂಟೆ ಇರ್ಬೇಕು" ಎಂದ. ಹದಿನೈದು ನಿಮಿಷಕ್ಕೆ ಬಂದವನು ಒಂದೂವರೆ ಗಂಟೆ ಓಡಿದ್ದೆ. ಒಂದು ಸಲವೂ ಸಾಕು ಎನ್ನಿಸಿರಲಿಲ್ಲ.

ಒಬ್ಬ ಅಜ್ಜಿ ಮೀನನ್ನು ಪಾಲು ಮಾಡುತ್ತಿದ್ದಳು. ತಾಳೆಗರಿಯ ಬುಟ್ಟಿಯಲ್ಲಿ ಒಂದು ಪಾಲನ್ನು ನನ್ನ ಮುಂದೆಯೂ ಇಟ್ಟಳು. ನಾನು ಬೇಡ, ನಾವು ತಿನ್ನುವುದಿಲ್ಲ ಎಂದೆ. ಅಂತೋಣಿ ತಲೆ ಅಲ್ಲಾಡಿಸಿದ. "ಹಗ್ಗ ಹಿಡಿದವನಿಗೆ ಪಾಲು ಉಂಟು. ಬಿಟ್ಟು ಹೋದ್ರೆ ಅಜ್ಜಿಗೆ ಬೇಜಾರು. ನೀವು ತಿನ್ನದಿದ್ರೆ ಯಾರಿಗಾದ್ರೂ ಕೊಡಿ, ಆದ್ರೆ ತಕ್ಕೊಂಡು ಹೋಗ್ಬೇಕು."

ಹೀಗೆ ಹುಟ್ಟಿದಾಗಿನಿಂದ ಮೀನು ಮುಟ್ಟದವನು ಒಂದು ಕೈಯಲ್ಲಿ ಬಿಳಿ ಶೂ, ಇನ್ನೊಂದು ಕೈಯಲ್ಲಿ ಮೀನಿನ ಬುಟ್ಟಿ ಹಿಡಿದು, ಎರಡು ಕಾಗೆಗಳ ಬೆಂಗಾವಲಿನಲ್ಲಿ ಊರೊಳಗೆ ಬಂದೆ. ಭಟ್ಟರ ಮನೆಗೆ ಅದನ್ನು ಒಯ್ಯುವುದು ಸಾಧ್ಯವೇ? ಮೂಲೆಯ ಅಂಗಡಿಯಲ್ಲಿ ಸುಕುಮಾರನ್ ಇದ್ದ. ಅವನ ಕೈಗೆ ಬುಟ್ಟಿ ಕೊಟ್ಟು ಕೈ ಮುಗಿದೆ. ಅವನು ಮೀನು ನೋಡಿದ, ನನ್ನ ಒದ್ದೆ ಪ್ಯಾಂಟು ನೋಡಿದ, ನಿನ್ನೆ ನಾನು ಯಾಕೆ ಓಡುತ್ತಿದ್ದೆ ಎಂಬುದು ಈಗ ಅರ್ಥವಾಯಿತೆಂಬಂತೆ ತಲೆದೂಗಿದ. ಅದೇ ಇರಲಿ ಎಂದು ಬಿಟ್ಟೆ.

ಅತ್ತಿಗೆ ಬಾಗಿಲಲ್ಲೇ ತಡೆದರು. "ಅಲ್ಲೇ ನಿಲ್ಲಿ. ಬಾವಿ ಕಡೆಯಿಂದ ಬನ್ನಿ." ಎರಡು ಸಲ ಸ್ನಾನ ಮಾಡಿಸಿದರು. ಭಾವ ಮೂಗು ಮುಚ್ಚಿಕೊಂಡು, "ನೀವು ಓಡ್ಲಿಕ್ಕೆ ಹೋದದ್ದಾ, ಮೀನು ಹಿಡಿಲಿಕ್ಕೆ ಹೋದದ್ದಾ?" ಎಂದರು. ಎರಡೂ ಎಂದೆ.

ತುಂಬ, ಗುರುವಾರ

ಗುರುವಾರ ಅಲಾರಂ ಹೊಡೆಯುವ ಮೊದಲೇ ಎಚ್ಚರವಾಯಿತು. ಮೈಯೆಲ್ಲ ನೋವು, ಅಂಗೈಯಲ್ಲಿ ಎರಡು ಬೊಬ್ಬೆ. ಆದರೂ ಅವಸರ ಅವಸರವಾಗಿ ದಂಡೆಗೆ ಹೋದೆ.

ದಂಡೆಯಲ್ಲಿ ಯಾರೂ ಇರಲಿಲ್ಲ. ಗಾಳಿ ಜೋರಿತ್ತು, ದೋಣಿಗಳು ಇಳಿದಿರಲಿಲ್ಲ. ನನಗೆ ನಿರಾಶೆಯಾಯಿತು. ದೋಣಿಗೆ ಒರಗಿ ನಿಂತೆ. ಹಗ್ಗವಿಲ್ಲ, ಸಿಲ್ವೆಸ್ಟರ್ ಇಲ್ಲ, ಮೂರ್ತಿ ಇಲ್ಲ. ರಿಪೇರಿ ಮಾಡಬೇಕಾದ ಸುಳ್ಳಿಗೆ ನಿನ್ನೆಯ ಓಟ ಧಾರಾಳ ಸಾಕಾಗಿತ್ತು. ಇನ್ನು ಓಡಲು ಒಂದು ಕಾರಣವೂ ಉಳಿದಿರಲಿಲ್ಲ. ಮನೆಗೆ ಹೋದರೆ ಅತ್ತಿಗೆಯ ಬಿಸಿ ಕಾಫಿ ಇತ್ತು.

ಶೂ ಬಿಚ್ಚಿದೆ. ಗಡಿಯಾರ ಅದರೊಳಗಿಟ್ಟೆ. ಓಡಿದೆ.

ಮೊದಲು ಮಂಡಿ ಗೊಣಗಿತು, ಆಮೇಲೆ ಸುಮ್ಮನಾಯಿತು. ಅಲೆ ಹಿಂದೆ ಸರಿದಾಗ ಉಳಿಯುವ ಕಪ್ಪು ಮರಳಿನ ಮೇಲೆ ಕಾಲಿಡುತ್ತ, ಅಲೆ ಬಂದಾಗ ಮೇಲಕ್ಕೆ ಸರಿಯುತ್ತ ಹೋದೆ. ಏಡಿಗಳು ತೂತಿಗೆ ಇಳಿಯುತ್ತಿದ್ದವು. ಉಸಿರು ಒಂದು ಹದಕ್ಕೆ ಬಂತು. ಕೆರೆಯ ಏರಿಯ ಮೇಲೆ ಎಷ್ಟೋ ಬೆಳಿಗ್ಗೆ ಬರುತ್ತಿದ್ದ ಅದೇ ಹದ. ಅದು ಎಲ್ಲೂ ಹೋಗಿರಲಿಲ್ಲ. ಯಾಕೆ ಓಡುತ್ತೀಯ ಎಂದು ಕೇಳಿದವರಿಗೆ ಇಷ್ಟು ವರ್ಷ ಸಕ್ಕರೆ ಕಾಯಿಲೆ ಬರಬಾರದೆಂದು ಹೇಳುತ್ತಿದ್ದೆ, ಗೆಳೆಯನ ಬಲವಂತ ಎನ್ನುತ್ತಿದ್ದೆ. ನಿಜವಾದ ಕಾರಣ ಹೇಳಲು ವಯಸ್ಸಾದವನಿಗೆ ನಾಚಿಕೆಯಾಗುವಷ್ಟು ಸಣ್ಣದು. ನನಗೆ ಓಡುವುದು ಇಷ್ಟ. ಆ ಗಾಳಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದೆ. ಕಣ್ಣಲ್ಲಿ ನೀರು ಬಂತು, ಉಪ್ಪು ಗಾಳಿಯಿಂದಲ್ಲ.

ತೆಂಗಿನ ಗುಂಪಿನ ಕೆಳಗೆ ಅಂತೋಣಿ ಬಲೆ ಹೆಣೆಯುತ್ತ ಕೂತಿದ್ದ. ನನ್ನನ್ನು ಕಂಡು ಕೂಗಿದ, "ಸಾರ್, ಇವತ್ತು ಬಲೆ ಇಲ್ಲ."

"ಗೊತ್ತು" ಎಂದು ಕೂಗಿ ಮುಂದೆ ಹೋದೆ.

ಮತ್ತೆ ಕಾಕ್ಕನಾಡ್

ಶುಕ್ರವಾರ ಇನ್ನೊಮ್ಮೆ ಹಗ್ಗ ಎಳೆದು, ಸುಕುಮಾರನ್‌ಗೆ ಇನ್ನೊಂದು ಪಾಲು ಮೀನು ಸಲ್ಲಿಸಿ, ಶನಿವಾರ ಕೊಚ್ಚಿಗೆ ಬಂದೆ. ಸಂಜೆ ಎಲ್ಲರೂ ಚಹಾಕ್ಕೆ ಕೂತಿದ್ದರು. ಅನು ಮನೆಪಾಠ ಬರೆಯುತ್ತಿದ್ದಳು.

"ಅಲ್ಲೂ ಓಡ್ದೆಯಾ? ಬಿಡಲಿಲ್ಲ ತಾನೆ? ದಿನಕ್ಕೆ ಎರಡು ಸುತ್ತಿನವನು" ಎಂದ ಮೂರ್ತಿ. ಅವನ ದನಿಯಲ್ಲಿ ಸ್ವಲ್ಪ ದುಃಖವಿತ್ತು.

ನಾನು ಲೋಟ ಕೆಳಗಿಟ್ಟು, ಅನುವಿನ ವಾಕ್ಯದಲ್ಲಿ ಮೊದಲ ಪದ ಒಂದನ್ನೇ ಬದಲಾಯಿಸಿ ಹೇಳಿದೆ, "ಅಂಕಲ್ ಒರು ದಿವಸಂ ಪೋಲುಂ ಓಡಿಯಿಟ್ಟಿಲ್ಲ."

ಅನುವಿನ ಪೆನ್ಸಿಲ್ ನಿಂತಿತು. ಗಾಯತ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂರ್ತಿ ನನ್ನನ್ನೇ ನೋಡಿದ.

"ಎರಡು ಸುತ್ತು?"

"ಒಂದೂ ಇಲ್ಲ. ನೀನು ಹೋಗಿ ಮೂರನೇ ವಾರಕ್ಕೇ ನಿಲ್ಲಿಸಿದೆ."

"ಪಾಪಿ" ಎಂದ ಮೂರ್ತಿ. "ನಿನ್ನ ಎರಡು ಸುತ್ತು ಕೇಳಿ ಕೇಳಿ ನಾನು ಆರು ಕಿಲೋಮೀಟರಿಗೆ ಹೋಗಬೇಕಾಯ್ತಲ್ಲೋ. ಎಂಟು ಹೇಳೋಣ ಅಂತಿದ್ದೆ ಮುಂದಿನ ತಿಂಗಳು." ಆಮೇಲೆ ನಕ್ಕೆವು. ಮೂರ್ತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನೀನಿಲ್ಲದೆ ಓಡೋದು ಬೇಜಾರಾಯ್ತು ಕಣೋ. ಅದನ್ನ ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ" ಎಂದ. ನನಗೂ ಹಾಗೇ ಆಗಿತ್ತೆಂದು ಹೇಳಿದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಅವನ ಕೋಣೆಯ ಬಾಗಿಲು ಮುಚ್ಚಿತ್ತು. ಎಬ್ಬಿಸಲಿಲ್ಲ. ಒಬ್ಬನೇ ಹೋಗಿ ಓಡಿದೆ. ವಾಪಸು ಬರುವಾಗ ತಟ್ಟುಕಡೆಯಲ್ಲಿ ಅವನು ಪೇಪರ್ ಓದುತ್ತ ಕೂತಿದ್ದ, ನನ್ನ ಪಾಲಿನ ಪಳಂಪೊರಿಯನ್ನು ತಟ್ಟೆ ಮುಚ್ಚಿ ಇಟ್ಟುಕೊಂಡಿದ್ದ. ಕಾಲಲ್ಲಿ ಶೂ ಇತ್ತು, ಬೂಷ್ಟು ತೊಳೆದಿತ್ತು. ನಾನು ಪಕ್ಕದಲ್ಲಿ ಕೂತು ತಟ್ಟೆ ಎಳೆದುಕೊಂಡೆ. ಅವನ ಆಸೆ ಯಾವಾಗ ಎದ್ದು ಬರುತ್ತದೋ ಅದು ಅವನದು.

ಮನೆ

ಅದರ ಮುಂದಿನ ಭಾನುವಾರ ಮೈಸೂರಿನಲ್ಲಿ ಚಳಿ. ಕೆರೆಯಿಂದ ಆಗಷ್ಟೇ ಬಂದು ಬಿಳಿ ಕ್ಯಾನ್ವಾಸ್ ಶೂ ಬಿಚ್ಚುತ್ತಿದ್ದೆ. ಫೋನ್ ಬಂತು. ಹಳೆಯ ಚಾಳಿ, ಹಲೋ ಎನ್ನಲಿಲ್ಲ.

"ಎಷ್ಟು ಸುತ್ತು?"

ಏರಿಯ ಮೇಲೆ ಪೆಲಿಕನ್‌ಗಳನ್ನು ನೋಡುತ್ತ ಒಮ್ಮೆ ಹಿಂದಕ್ಕೆ ತಿರುಗಿದ್ದೆ, ಮತ್ತೆ ಮುಂದೆ ಹೋಗಿದ್ದೆ, ಬಿಸಿಲು ಬಂದ ಮೇಲೆ ಮನೆ ಕಡೆ ಬಂದಿದ್ದೆ.

"ಗೊತ್ತಿಲ್ಲ ಕಣೋ. ಎಣಿಸಲಿಲ್ಲ" ಎಂದೆ.

ಆ ಕಡೆ ಅನು ಮಲಯಾಳದಲ್ಲಿ ಏನೋ ಹಾಡಿಕೊಳ್ಳುತ್ತಿದ್ದದ್ದು ಕೇಳಿಸಿತು.

"ಹಾಗಾದ್ರೆ ನಿಜವಾಗ್ಲೂ ಓಡಿದೀಯ" ಎಂದ ಮೂರ್ತಿ.